ಇಂಗಿನ ಡಬ್ಬಿಗೆ ಸೇರಿದ ಗೋಧಿ

ಬೆಂಗಳೂರಿನ ಯಲಹಂಕ, ಹೆಬ್ಬಾಳದ ಕೆಂಪು ಮಣ್ಣಿನಲ್ಲಿ ತಲೆಮಾರುಗಳಿಂದ ಬೆಳೆದದ್ದು ರಾಗಿ, ಅವರೆ, ತೊಗರಿ, ಹುರುಳಿ, ಹುಚ್ಚೆಳ್ಳು. 1964ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯಕ್ಕೂ ರಾಗಿ ಮುಖ್ಯ ಬೆಳೆಯಾಯಿತು. ಮುದ್ದೆ, ಅನ್ನಕ್ಕೆ ನೆಂಚಿಕೊಳ್ಳುವ ಪದಾರ್ಥಗಳೂ ಈ ಹೊಲಗಳಿಂದಲೇ ಬಂದವು. ಹುಚ್ಚೆಳ್ಳನ್ನು ಚಟಪಟ ಸಿಡಿಯುವವರೆಗೆ ಹುರಿದು, ಒಣಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪಿನ ಜೊತೆ ಕುಟ್ಟಿದರೆ ಚಟ್ನಿಪುಡಿ ಸಿದ್ಧ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಈ ಬೆಳೆಗಳಲ್ಲಿಲ್ಲ. ಸೀಲಿಯಾಕ್ ಕಾಯಿಲೆ ಇದ್ದವರಲ್ಲಿ ಗ್ಲುಟೆನ್ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಜೀವನಪೂರ್ತಿ ಗ್ಲುಟೆನ್ ಬಿಡುವುದೇ ಈ ಕಾಯಿಲೆಗೆ ಚಿಕಿತ್ಸೆ.

ಹಳೆಯ ಪುಡಿಗಳಲ್ಲಿ ಒಂದು ಅಪವಾದವಿದೆ. ಮೆಂತ್ಯದ ಹಿಟ್ಟಿಗೆ ಕಡಲೆಬೇಳೆ, ಉದ್ದಿನಬೇಳೆ, ಅಕ್ಕಿಯ ಜೊತೆ ಒಂದು ಹಿಡಿ ಗೋಧಿಯನ್ನೂ ಹುರಿದು ಹಾಕುವ ರೂಢಿಯಿದೆ. ಉಳಿದ ಪುಡಿ, ಗೊಜ್ಜು, ಉಪ್ಪಿನಕಾಯಿಗಳಿಗೆ ಗೋಧಿ ಸೇರಿದ್ದು ಬಹುಪಾಲು ಇಂಗಿನ ಮೂಲಕ.

ಕನ್ನಡ ನಾಡಿಗೆ ಇಂಗು ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದ ಅಡುಗೆಗಳಲ್ಲಿ ಇಂಗಿನ ನೀರು ಬರುತ್ತದೆ. ಅಫ್ಘಾನಿಸ್ತಾನ, ಇರಾನಿನಲ್ಲಿ ಬೆಳೆಯುವ ಗಿಡವೊಂದರ ಬೇರಿನಿಂದ ಒಸರುವ ಅಂಟು ಇದು. ಭಾರತದಲ್ಲಿ ಇದನ್ನು ಬೆಳೆಯಲು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ. ಅಂಟಿನಲ್ಲಿ ಗ್ಲುಟೆನ್ ಇಲ್ಲ. ಆದರೆ ಅದರ ಘಾಟು ತೀರಾ ಹೆಚ್ಚು. ಹಾಗಾಗಿ ಗೋಂದು ಮತ್ತು ಹಿಟ್ಟು ಬೆರೆಸಿ ಹದಗೊಳಿಸಿ ಮಾರುತ್ತಾರೆ. ಇದೇ ಬಂಧಾನಿ ಇಂಗು. ಕಾನೂನು ಪಿಷ್ಟಕ್ಕೂ ಧಾನ್ಯದ ಹಿಟ್ಟಿಗೂ ಅವಕಾಶ ಕೊಟ್ಟಿದೆ. ಮದ್ಯಸಾರದಲ್ಲಿ ಕರಗುವ ಅಂಶ ಕನಿಷ್ಠ ಶೇ. 5 ಇದ್ದರೆ ಸಾಕು. ಬೆರೆಸುವ ಹಿಟ್ಟು ಹೆಚ್ಚಾಗಿ ಗೋಧಿಯದೇ. ಗಟ್ಟಿ ಇಂಗೆಂದರೆ ಶುದ್ಧ ಇಂಗೆಂದು ಹಲವರು ನಂಬಿದ್ದಾರೆ, ಅದರಲ್ಲೂ ಹಿಟ್ಟಿರಬಹುದು. ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಹಪ್ಪಳ, ಮಾವಿನಕಾಯಿ ಉಪ್ಪಿನಕಾಯಿ, ಎಲ್ಲಕ್ಕೂ ಈ ಚಿಟಿಕೆ ಬೇಕು.

ಗೋಧಿಗೂ ಸೀಲಿಯಾಕ್ ಕಾಯಿಲೆಗೂ ಇರುವ ನಂಟು ಸ್ಪಷ್ಟವಾದದ್ದು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ. 1944–45ರ ಚಳಿಗಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬ್ರೆಡ್ಡಿಗೆ ಬರ ಬಂದಿತ್ತು. ಗೋಧಿ ಬಿಟ್ಟ ಮಕ್ಕಳು ಚೇತರಿಸಿಕೊಳ್ಳುವುದನ್ನು ಕಂಡಿದ್ದ ಮಕ್ಕಳ ವೈದ್ಯ ವಿಲೆಮ್ ಡಿಕೆ 1950ರಲ್ಲಿ ತನ್ನ ಪ್ರಬಂಧ ಮಂಡಿಸಿದ. ಅದೇ ಯುದ್ಧ ಬೆಂಗಳೂರಿನಲ್ಲಿ ಅಕ್ಕಿಗೆ ಅಭಾವ ತಂದಿತು, ಎಂಟಿಆರ್ ಹೋಟೆಲಿನಲ್ಲಿ ರವೆ ಇಡ್ಲಿ ಹುಟ್ಟಿತು. ಅಲ್ಲಿ ಗೋಧಿಯ ಕೊರತೆ ಕಾಯಿಲೆಯ ಕಾರಣ ತೋರಿಸಿದರೆ, ಇಲ್ಲಿ ಅಕ್ಕಿಯ ಕೊರತೆ ಇಡ್ಲಿಗೇ ಗೋಧಿ ತಂದಿತು. ಮುಂದೆ ಗೋಬಿ ಮಂಚೂರಿಯ ಜೊತೆ ಬೀದಿ ಬೀದಿಗೆ ಬಂದ ಸೋಯಾ ಸಾಸ್‌ನಲ್ಲೂ ಸಾಮಾನ್ಯವಾಗಿ ಗೋಧಿ ಇರುತ್ತದೆ.

2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೀಲಿಯಾಕ್ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ರಕ್ತದಲ್ಲಿದ್ದವರ ಪ್ರಮಾಣ ಉತ್ತರ ಭಾರತದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ಎಂದು ಕಂಡುಬಂತು. ರೋಗಿಗಳು ಕಡಿಮೆ ಇರುವಲ್ಲಿ ಅಂಗಡಿಯವರಿಗೂ ನೆಂಟರಿಷ್ಟರಿಗೂ ಈ ಪಥ್ಯದ ಅರಿವು ಕಡಿಮೆ. ಪಥ್ಯದವರ ಕಷ್ಟ ಅಷ್ಟೇ ಹೆಚ್ಚು.

ಈಗ ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ಒಂದು ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಪೊಟ್ಟಣದ ಆಹಾರದಲ್ಲಿ ಗೋಧಿ ಇದ್ದರೆ ಅದನ್ನು ನಮೂದಿಸಲೇಬೇಕು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಆದರೆ ಬಡಾವಣೆಯ ಹಿಟ್ಟಿನ ಮಿಲ್ಲಿಗೆ ಲೇಬಲ್ ಇಲ್ಲ. ಗೋಧಿ ಬೀಸಿದ ಕಲ್ಲಿನಲ್ಲೇ ಮುಂದಿನವರ ರಾಗಿ, ಸಾರಿನ ಪುಡಿ ಬೀಳುತ್ತವೆ. ಕಲ್ಲಿನ ಸಂದಿಯ ಹಿಟ್ಟು ಅವುಗಳಿಗೂ ಸೇರುತ್ತದೆ. ಬೇಳೆ, ಮೆಣಸಿನಕಾಯಿ, ಹುಣಸೆಯನ್ನು ಇಡಿಯಾಗಿಯೇ ತಂದು, ಆರಿಸಿ, ತೊಳೆಯುವಂಥದ್ದನ್ನು ತೊಳೆದು ಒಣಗಿಸಿ, ಬೇರೆ ಬಾಣಲೆಯಲ್ಲಿ ಹುರಿದು ಮನೆಯಲ್ಲೇ ಪುಡಿ ಮಾಡುವುದು ಪಥ್ಯದವರಿಗೆ ಹೆಚ್ಚು ಸುರಕ್ಷಿತ. ಹುಚ್ಚೆಳ್ಳಿನ ಚಟ್ನಿಪುಡಿಯನ್ನು ಈ ಸೀಮೆಯ ಹಳ್ಳಿಮನೆಗಳು ಮೊದಲಿನಿಂದ ಮಾಡುತ್ತಿದ್ದದ್ದೂ ಹೀಗೆಯೇ.