ಮೋಡಿಯ ಕಾಗದ, ಅವ್ವನ ಹಾಡು

ಧಾರವಾಡದ ನಮ್ಮ ಹಳೆಯ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕೆಲವು ಜಮೀನು ಪತ್ರಗಳಿವೆ. ಕಾಗದ ಗಟ್ಟಿಯಾಗಿದೆ, ಮಸಿ ಮಾಸಿಲ್ಲ. ಆದರೆ ಮೋಡಿ ಲಿಪಿ ಬಲ್ಲವರು ಮನೆಯಲ್ಲಿ ಒಬ್ಬರೂ ಉಳಿದಿಲ್ಲ. ಪೇಶ್ವೆಯರ ಪುಣೆಯ ದಫ್ತರದಲ್ಲಿ ಮೆರೆದ ಆ ಲಿಪಿ ಉತ್ತರ ಕರ್ನಾಟಕದ ಕಾಗದಪತ್ರಗಳಿಗೂ ಬಂದಿತ್ತು. 20ನೆಯ ಶತಮಾನದಲ್ಲಿ ಬಳಕೆ ತಪ್ಪಿತು.

ಕಳೆದ ದೀಪಾವಳಿಗೆ ವಾಕಡದ ಮನೆಯಲ್ಲಿ ಆ ಪತ್ರಗಳು ಮತ್ತೆ ನೆನಪಾದವು. ಅವ್ವ ಈಗಿಲ್ಲ. ಆಕೆ ಹಾಡಿದ ಸೋಬಾನೆ ಹಾಡುಗಳ ವೀಡಿಯೊವನ್ನು ತಮ್ಮನಿಗೆ ಕೊಡಲು ಪೆನ್‌ಡ್ರೈವ್‌ಗೆ ಹಾಕಹೊರಟರೆ, ಬೇಕಾದಷ್ಟು ಜಾಗ ಖಾಲಿಯಿದ್ದರೂ ಕಡತ ತೀರ ದೊಡ್ಡದೆಂದು ಯಂತ್ರ ನಿರಾಕರಿಸಿತು. ನನ್ನದು ವಿಂಡೋಸ್, ಮಗಳದು ಲಿನಕ್ಸ್, ತಮ್ಮನದು ಮ್ಯಾಕ್. ಮೂರಕ್ಕೂ ಒಗ್ಗುವ ಕಡತ ವ್ಯವಸ್ಥೆ ಯಾವುದು?

ತೊಡಕಿನ ಬೇರು 1977ರಲ್ಲಿದೆ. ಆ ವರ್ಷ ಮೈಕ್ರೋಸಾಫ್ಟ್‌ನ ಮಾರ್ಕ್ ಮೆಕ್‌ಡೊನಾಲ್ಡ್ ಫ್ಲಾಪಿಗಳಿಗಾಗಿ ‘ಫ್ಯಾಟ್’ ರೂಪಿಸಿದರು. ಕಡತದ ಯಾವ ತುಣುಕಿನ ನಂತರ ಯಾವುದು ಎಂದು ಹೇಳುವ ಪಟ್ಟಿಯೇ ಅದರ ಜೀವಾಳ. ಸರಳವಾದ್ದರಿಂದಲೇ ಎಲ್ಲ ಯಂತ್ರಗಳೂ ಅದನ್ನು ಕಲಿತವು. 1996ರ ಫ್ಯಾಟ್32ರಲ್ಲಿಯೂ ಕಡತದ ಗಾತ್ರವನ್ನು ಬರೆದಿಡಲು 32 ಬಿಟ್‌ಗಳಷ್ಟೇ ಸ್ಥಳವಿದ್ದುದರಿಂದ 4 ಜಿಬಿ ಮುಟ್ಟಿದ ಕಡತಕ್ಕೆ ಅಲ್ಲಿ ಎಡೆಯಿಲ್ಲ. 1993ರಲ್ಲಿ ವಿಂಡೋಸ್ ಎನ್‌ಟಿಯೊಡನೆ ಬಂದ ಎನ್‌ಟಿಎಫ್‌ಎಸ್‌ಗೆ ಈ ಇಕ್ಕಟ್ಟಿಲ್ಲ. ಆದರೆ ಮ್ಯಾಕ್ ಅದನ್ನು ಓದುತ್ತದೆಯೇ ಹೊರತು ತಾನಾಗಿ ಅದರಲ್ಲಿ ಬರೆಯುವುದಿಲ್ಲ. ಲಿನಕ್ಸಿನ ಎಕ್ಸ್ಟ್4 ಉಳಿದೆರಡಕ್ಕೂ ನೇರವಾಗಿ ಅರ್ಥವಾಗದು.

2006ರಲ್ಲಿ ಬಂದ ಎಕ್ಸ್‌ಫ್ಯಾಟ್ ಗಾತ್ರದ ಮಿತಿಯನ್ನು ಕಳಚಿತು. 2010ರಲ್ಲಿ ಮ್ಯಾಕ್ ಅದನ್ನು ಒಪ್ಪಿಕೊಂಡಿತು. ಲಿನಕ್ಸಿಗೆ ಮಾತ್ರ ಪೇಟೆಂಟಿನ ಗೋಡೆ ಅಡ್ಡವಿತ್ತು. 2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಅದರ ರಚನಾ ವಿವರಗಳನ್ನು ಬಹಿರಂಗಪಡಿಸಿ, ಲಿನಕ್ಸಿನಲ್ಲಿ ಸೇರಿಸಲು ಸಮ್ಮತಿಸಿತು; ಅದೇ ನವೆಂಬರಿನ 5.4 ಕರ್ನೆಲ್‌ನಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಹೀಗೆ ಮೂರು ಮನೆಗಳಿಗೂ ಹೊಂದುವ ಕೀಲಿಕೈ ಸಿಕ್ಕಲು 13 ವರ್ಷ ಹಿಡಿಯಿತು. ಬಾಗಿಲು ತೆರೆದದ್ದು ತಂತ್ರಜ್ಞಾನವೊಂದೇ ಅಲ್ಲ, ಒಡೆಯನ ಅನುಮತಿಯೂ ಹೌದು.

ಪೆನ್‌ಡ್ರೈವ್ ಅನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಿದೆ. ಹಾಡು ಮೂರೂ ಕಡೆ ಕೇಳಿಸಿತು. ಇದಕ್ಕೂ ಒಂದು ಕೊರತೆಯಿದೆ: ಎನ್‌ಟಿಎಫ್‌ಎಸ್, ಎಕ್ಸ್ಟ್4ಗಳಂತೆ ಬದಲಾವಣೆಗಳ ದಿನಚರಿಯನ್ನು ಇದು ಇಡುವುದಿಲ್ಲ. ಬರೆಯುತ್ತಿರುವಾಗ ಕಿತ್ತರೆ ಕಡತ ಕೆಡಬಹುದು. ಆದ್ದರಿಂದ ಇದು ಸಾಗಿಸುವ ಬುಟ್ಟಿಯೇ ಹೊರತು ಕಾಪಿಡುವ ಕಣಜವಲ್ಲ. ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು.

ಪುಣೆಯಲ್ಲಿ ಮೋಡಿ ಕಲಿಸುವವರು ಇಂದಿಗೂ ಇದ್ದಾರೆ. ಅಜ್ಜನ ಪತ್ರಗಳನ್ನು ಈ ಸಲ ತರಬೇಕೆಂದಿದ್ದೇನೆ.