ಸರಾಯ್, ರೈಲು, ಬಸ್ಸು: ಕಡಿಮೆ ಖರ್ಚಿನಲ್ಲಿ ಹೈದರಾಬಾದ್ ನೋಡಿದ ಬಗೆ

ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ, ಅಲ್ಲಿನ ಕನ್ನಡಿಗರಿಗೆ ರಾಜಧಾನಿಯೆಂದರೆ ಚಾರ್‌ಮಿನಾರಿನ ಊರೇ ಆಗಿತ್ತು. ಹೈಕೋರ್ಟಿನ ಮೊಕದ್ದಮೆಗೆಂದೋ, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಓದಿಗೆಂದೋ ಹೊರಟವರು, ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಂಡು, ಜೊತೆಗಾರರೊಡನೆ ಖರ್ಚನ್ನು ಸಮಪಾಲು ಮಾಡಿಕೊಂಡು ಊರನ್ನೂ ನೋಡಿ ಬರುವುದಕ್ಕೆ ಆ ನಗರದಲ್ಲಿ ಹಳೆಯ ಅನುಕೂಲಗಳಿದ್ದವು. ಅವುಗಳಲ್ಲಿ ಹೆಚ್ಚಿನವು ವ್ಯಾಪಾರಿಗಳಿಗೂ ದಾರಿಹೋಕರಿಗೂ ದಿನನಿತ್ಯ ಓಡಾಡುವ ಜನರಿಗೂ ಆದ ಏರ್ಪಾಡುಗಳಾಗಿದ್ದು, ಊರು ನೋಡುವವರು ಅವುಗಳ ನೆರಳಿನಲ್ಲಿ ನಡೆದು ಹೋದರು ಎಂಬುದೇ ಈ ಇತಿಹಾಸದ ಮುಖ್ಯ ಸಂಗತಿ.

ಈ ಏರ್ಪಾಡುಗಳಲ್ಲಿ ಅತ್ಯಂತ ಹಳೆಯದು ಸರಾಯ್. ಪಾರಸಿ ಮೂಲದ ಈ ಪದಕ್ಕೆ ತಂಗುವ ಕಟ್ಟಡವೆಂಬ ಅರ್ಥವಿದ್ದು, ನಡುವೆ ಅಂಗಳ, ಅದರ ಸುತ್ತ ಸಾಲು ಕೋಣೆಗಳು, ಸಮೀಪದಲ್ಲೇ ಮಸೀದಿ, ಕುದುರೆ ಒಂಟೆಗಳನ್ನು ಕಟ್ಟುವ ಜಾಗ ಇವು ಇದರ ಲಕ್ಷಣಗಳು. ಕುತುಬ್‌ಶಾಹಿ ಕಾಲದ ಶೇಕ್‌ಪೇಟೆ ಸರಾಯ್ ಗೋಲ್ಕೊಂಡದ ವ್ಯಾಪಾರದ ದಾರಿಯಲ್ಲಿತ್ತು. ಒಂಟೆ ಎತ್ತುಗಳ ಸಾಲಿಗೆ ಹೇಳುವ ‘ಕಾರವಾನ್’ ಎಂಬ ಮಾತು ಇಂದಿಗೂ ಹಳೆಯ ಬಡಾವಣೆಯೊಂದರ ಹೆಸರಾಗಿ ಉಳಿದಿದೆ. 17ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಫ್ರೆಂಚ್ ವಜ್ರವ್ಯಾಪಾರಿ ತಾವೆರ್ನಿಯೇ, ನಗರದ ಹೊರವಲಯದ ಮಸೀದಿಗಳು ಪರಸ್ಥಳದವರಿಗೆ ತಂಗುದಾಣವಾಗಿದ್ದುದನ್ನು ಬರೆದಿಟ್ಟಿದ್ದಾನೆ. ಈ ಪರಂಪರೆಯ ಕೊನೆಯ ದೊಡ್ಡ ಕಟ್ಟಡಗಳಲ್ಲಿ ಒಂದು, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಆಳ್ವಿಕೆಯಲ್ಲಿ 1919ರಲ್ಲಿ ನಾಂಪಲ್ಲಿ ರೈಲು ನಿಲ್ದಾಣದ ಬಳಿ ಎದ್ದ ಸರಾಯ್. ಒಂಟೆಯಿಂದ ಇಳಿಯುವವನಿಗಾಗಿ ಹುಟ್ಟಿದ ಕಟ್ಟಡದ ಮಾದರಿಯನ್ನು ರೈಲಿನಿಂದ ಇಳಿಯುವವನಿಗೆ ಒಪ್ಪಿಸಿದ ಈ ಸರಾಯ್ ಮುಂದೆ ದಶಕಗಳ ಕಾಲ ಪಾಳುಬಿದ್ದಿತು. ಅರಮನೆಗಳಿಗೆ ಸಿಕ್ಕ ಆರೈಕೆ ಬಡ ಪ್ರಯಾಣಿಕರು ಮೈಚಾಚಿದ ಕೋಣೆಗಳಿಗೆ ಸಿಗದೆ ಹೋದದ್ದು ಈ ನಗರದ ನಿಜವಾದ ನಷ್ಟ.

ರೈಲಿನ ಕಥೆಗೆ ಕನ್ನಡ ನೆಲದ ನಂಟಿದೆ. ಮುಂಬಯಿ–ಮದರಾಸು ಮಾರ್ಗದಲ್ಲಿರುವ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲ್ವೆ 1874ರಲ್ಲಿ ತೆರೆಯಿತು. ಎತ್ತಿನ ಬಂಡಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ದಾರಿ ಅಲ್ಲಿಂದ ಮುಂದೆ ಥರ್ಡ್ ಕ್ಲಾಸಿನ ಒಂದು ಟಿಕೆಟ್ಟಿಗೆ ಇಳಿಯಿತು. ಊರೊಳಗಿನ ಓಡಾಟಕ್ಕೆ ಜಟಕಾ, ಟಾಂಗಾಗಳಿದ್ದ ಕಾಲದಲ್ಲೇ, 1932ರ ಜೂನ್‌ನಲ್ಲಿ, ಅದೇ ರೈಲ್ವೆ ತನ್ನ ರಸ್ತೆ ಸಾರಿಗೆ ವಿಭಾಗವನ್ನು 27 ಬಸ್ಸುಗಳಿಂದಲೂ 166 ನೌಕರರಿಂದಲೂ ಆರಂಭಿಸಿತು. ಸರ್ಕಾರವೇ ಬಸ್ಸು ಓಡಿಸುವ ಪದ್ಧತಿಗೆ ದೇಶದಲ್ಲಿ ಇದು ಮೊದಲ ಹೆಜ್ಜೆಗಳಲ್ಲೊಂದು. ಈ ಸಂಪ್ರದಾಯದ ಬಸ್ಸುಗಳ ನೋಂದಣಿ ಸಂಖ್ಯೆಯಲ್ಲಿ ಕಾಣುವ ‘ಝಡ್’ ಅಕ್ಷರ ನಿಜಾಮನ ತಾಯಿ ಜಹ್ರಾ ಬೇಗಮರ ನೆನಪಿಗಾಗಿ ಇಟ್ಟದ್ದೆಂಬ ಪ್ರತೀತಿ ಜನರಲ್ಲಿದೆ.

ಹೀಗೆ ಬಂದವರಿಗೆ ಕಾಸು ಖರ್ಚಿಲ್ಲದೆ ಸಿಗುತ್ತಿದ್ದ ನೋಟಗಳೂ ಹಲವು. 1591ರ ಚಾರ್‌ಮಿನಾರನ್ನು ನಾಲ್ಕೂ ದಿಕ್ಕಿನ ರಸ್ತೆಗಳಿಂದ ಕಾಣಬಹುದಿತ್ತು. ಗೋಲ್ಕೊಂಡದ ಫತೇ ದರವಾಜೆಯ ಕಮಾನಿನಡಿ ಗೆಳೆಯರಲ್ಲಿ ಒಬ್ಬ ನಿಂತು ಚಪ್ಪಾಳೆ ತಟ್ಟಿದರೆ ಬಾಲಾ ಹಿಸಾರ್ ಎಂಬ ಬೆಟ್ಟದ ತುದಿಯ ಕಟ್ಟಡದಲ್ಲಿ ಇನ್ನೊಬ್ಬನಿಗೆ ಕೇಳುತ್ತದೆ. ಕೋಟೆಗೆ ಎಚ್ಚರಿಕೆ ಮುಟ್ಟಿಸಲು ಕಟ್ಟಿದ ಈ ನಾದದ ಜಾಣ್ಮೆ ಅನುಭವಕ್ಕೆ ಬರಬೇಕಾದರೆ ಕನಿಷ್ಠ ಇಬ್ಬರು ಬೇಕು. ನಿಜಾಮನ ದಿವಾನನಾಗಿದ್ದ ಮೂರನೆಯ ಸಾಲಾರ್ ಜಂಗ್ ಕೂಡಿಹಾಕಿದ ಅಪಾರ ಸಂಗ್ರಹವನ್ನು ಅವನ ಮನೆತನದ ದಿವಾನ್ ದೇವಡಿಯಲ್ಲೇ 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಸಾರ್ವಜನಿಕರಿಗೆ ತೆರೆದ ಮೇಲೆ, ಒಬ್ಬ ಶ್ರೀಮಂತನ ಕಣ್ಣಿಗಷ್ಟೇ ಮೀಸಲಾಗಿದ್ದ ವಸ್ತುಗಳ ಮುಂದೆ ಹಳ್ಳಿಯವರೂ ನಿಲ್ಲುವಂತಾಯಿತು. 1968ರಲ್ಲಿ ಸಂಗ್ರಹವು ಮೂಸಿ ದಂಡೆಯ ಈಗಿನ ಕಟ್ಟಡಕ್ಕೆ ಬಂದಿತು. ಅಲ್ಲಿನ ಸಂಗೀತ ಗಡಿಯಾರದಲ್ಲಿ ಗಂಟೆಗೊಮ್ಮೆ ಗಡ್ಡದ ಪುಟ್ಟ ಬೊಂಬೆಯೊಂದು ಬಾಗಿಲು ತೆರೆದು ಬಂದು, ಎಷ್ಟು ಗಂಟೆಯೋ ಅಷ್ಟು ಪೆಟ್ಟು ಬಾರಿಸಿ ಒಳಗೆ ಹೋಗುತ್ತದೆ. ಹನ್ನೆರಡು ಪೆಟ್ಟು ಕೇಳಬೇಕೆಂದು ಮಧ್ಯಾಹ್ನದ ಹೊತ್ತಿಗೆ ಅದರ ಮುಂದೆ ಎಲ್ಲ ಊರಿನವರೂ ಒತ್ತೊತ್ತಾಗಿ ಸೇರಿ, ಕೊನೆಯ ಪೆಟ್ಟು ಬೀಳುವವರೆಗೆ ಎಣಿಸುತ್ತ ಕೂರುತ್ತಾರೆ.