ಮನ್ರೋ, ಥಾಮಸ್ (1761–1827)

ಮದ್ರಾಸಿನ ಗವರ್ನರ್, ಕೆನರಾದ ಮೊದಲ ಬ್ರಿಟಿಷ್ ಕಲೆಕ್ಟರ್. ಹುಟ್ಟಿದ್ದು ಗ್ಲಾಸ್ಗೋ ನಗರದಲ್ಲಿ. 1780ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲಾಳು ಪಡೆ ಸೇರಿ ಹೈದರಾಲಿಯ ವಿರುದ್ಧ ಹೋರಾಡಿದ. 1792ರಿಂದ ಬಾರಾಮಹಲಿನಲ್ಲಿ ಅಲೆಕ್ಸಾಂಡರ್ ರೀಡನ ಕೈಕೆಳಗೆ ಕಂದಾಯದ ಕೆಲಸ ಕಲಿತ.

ಕೆನರಾದಲ್ಲಿ (1799–1800)

ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಈತ ಕೆನರಾಕ್ಕೆ ಬಂದ. ಆಗ ಬೆಳ್ತಂಗಡಿ–ಬಂಟ್ವಾಳ ಸೀಮೆ ಶಾಂತವಾಗಿರಲಿಲ್ಲ. ಟಿಪ್ಪು ಗಡಾಯಿಕಲ್ಲಿನ ಮೇಲೆ ಕಟ್ಟಿಸಿದ್ದ ಜಮಾಲಾಬಾದ್ ಕೋಟೆಯನ್ನು ಇಂಗ್ಲಿಷರು 1799ರಲ್ಲಿ ಹಿಡಿದರೂ ಬಂಡಾಯಗಾರರು ಅದನ್ನು ಕಸಿದುಕೊಂಡು ಕೆಲವು ತಿಂಗಳು ಉಳಿಸಿಕೊಂಡರು. ವಿಟ್ಲದ ಡೊಂಬ ಹೆಗ್ಗಡೆಯೂ ದಂಗೆಯೆದ್ದು ಕೊನೆಗೆ ಗಲ್ಲಿಗೇರಿದ. ಇಲ್ಲಿನ ಕೆಲಸ ಮನ್ರೋಗೆ ಹಿಡಿಸಲಿಲ್ಲ. ವರ್ಗಾವಣೆಗೆ ತಾನೇ ಕೇಳಿಕೊಂಡ. ಆದರೂ ಆತನ ಕಂದಾಯ ಚಿಂತನೆಗೆ ಗಟ್ಟಿ ಆಧಾರ ಸಿಕ್ಕಿದ್ದು ಈ ಒಂದೂಕಾಲು ವರ್ಷದಲ್ಲೇ ಎನ್ನಬಹುದು.

ಆ ಆಧಾರದ ಮೂಲ ಶ್ಯಾನುಭೋಗರ ಕಡತಗಳು: ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಬಟ್ಟೆಯ ಮಡಿಕೆಗಳಲ್ಲಿ ಬಳಪದಿಂದ ಬರೆದ ಲೆಕ್ಕಗಳು. ಹಲವು ನಾಶವಾಗಿದ್ದವು, ಉಳಿದವನ್ನು ಹಿಡಿದು ಮನ್ರೋ ವಿಜಯನಗರದ ಕಾಲದವರೆಗೂ ಹಿಂದಕ್ಕೆ ಹೋದ. ಆತ ದಾಖಲಿಸಿದ ಪ್ರಕಾರ, ಹರಿಹರರಾಯನ ಕಾಲದಲ್ಲಿ ಹುಟ್ಟುವಳಿ 30 ಪಾಲಾದರೆ ಸಾಗುವಳಿದಾರನಿಗೆ 15, ಭೂಮಾಲೀಕನಿಗೆ 7½, ಸರ್ಕಾರಕ್ಕೆ 5, ಬ್ರಾಹ್ಮಣರಿಗೆ 1½, ದೇವರಿಗೆ 1. ಇದು ಶಾಸ್ತ್ರದ ಮಾತೋ ನಿಜವಾದ ವಸೂಲಿಯೋ ಎಂಬುದನ್ನು ಎಚ್ಚರದಿಂದ ನೋಡಬೇಕು. ಹಳೆಯ ‘ರೇಖೆ’ಯ (ಕಂದಾಯ ನಿಗದಿಯ) ಮೇಲೆ ಇಕ್ಕೇರಿಯ ಅರಸರು ಇನ್ನಷ್ಟು ಕೂಡಿಸಿದರು. ಹೈದರ್, ಟಿಪ್ಪು ‘ಶಾಮಿಲು’ ಎಂಬ ಹೆಚ್ಚುವರಿ ಕಂದಾಯ ಹೇರಿದರು. ಇವೆಲ್ಲ ಸೇರಿದ ಬೇರೀಜು (ಒಟ್ಟು ಕಂದಾಯ) ಭಾರವೆಂದು ಕಂಡ ಮನ್ರೋ ಸ್ವಲ್ಪ ಭಾಗವನ್ನಷ್ಟೇ ಬಿಟ್ಟುಕೊಟ್ಟ.

1800ರ ಮೇ ಮತ್ತು ನವೆಂಬರಿನ ವರದಿಗಳಲ್ಲಿ ಆತ ಮುಖ್ಯ ಮಾತೊಂದನ್ನು ಸ್ಥಾಪಿಸಿದ: ಕೆನರಾದ ಭೂಮಿ ಅರಸನದಲ್ಲ, ವರ್ಗದಾರನದು (ಭೂಮಾಲೀಕನದು), ಅದನ್ನು ಮಾರಬಹುದು, ಅಡವಿಡಬಹುದು, ಮಕ್ಕಳಿಗೆ ಬಿಡಬಹುದು. ನೆಲವೆಲ್ಲ ದೊರೆಯದೆಂದು ಕಂಪನಿಯ ಅನೇಕರು ನಂಬಿದ್ದ ಕಾಲದಲ್ಲಿ ಇದು ದಿಟ್ಟ ವಾದ. ಆದರೆ ಮೂಲಗೇಣಿಯವನಿಗಿದ್ದ (ಕಾಯಂ ಗೇಣಿದಾರನಿಗಿದ್ದ) ಭದ್ರತೆ ಚಾಲಗೇಣಿಯವನಿಗೆ (ಒಡೆಯನ ಇಚ್ಛೆಯ ಗೇಣಿದಾರನಿಗೆ) ಇರಲಿಲ್ಲ. ಗದ್ದೆಯಲ್ಲಿ ದುಡಿಯುತ್ತಿದ್ದವನ ಹಕ್ಕು ಈ ಲೆಕ್ಕದಲ್ಲಿ ಮಸುಕಾಗಿಯೇ ಉಳಿಯಿತು. ಇದನ್ನು ಸಣ್ಣ ಲೋಪವೆನ್ನಲಾಗದು.

1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮೂಲಕ ಹಾದ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಕಥನವನ್ನು ಈ ವರದಿಗಳ ಜೊತೆಗಿಟ್ಟು ಓದಬೇಕು.

ಮುಂದಿನ ವೃತ್ತಿ

1800ರಿಂದ 1807ರವರೆಗೆ ಬಳ್ಳಾರಿ, ಕಡಪ ಮೊದಲಾದ ದತ್ತ ಜಿಲ್ಲೆಗಳಲ್ಲಿ ರೈತನಿಂದ ನೇರವಾಗಿ ಕಂದಾಯ ವಸೂಲು ಮಾಡುವ ರಯತವಾರಿ ಪದ್ಧತಿ ನಡೆಸಿದ. 1817–18ರ ಮರಾಠಾ ಯುದ್ಧದಲ್ಲಿ ಬಾದಾಮಿ, ಬೆಳಗಾವಿ ಕೋಟೆಗಳನ್ನು ಹಿಡಿದ. 1820ರಲ್ಲಿ ಗವರ್ನರ್ ಆಗಿ ರಯತವಾರಿಯನ್ನು ಪ್ರಾಂತದ ಮುಖ್ಯ ಪದ್ಧತಿಯಾಗಿಸಿದ. 1827ರ ಜುಲೈ 6ರಂದು ಕರ್ನೂಲು ಸೀಮೆಯ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ.

ಕೆನರಾದಲ್ಲಿ ಕಂದಾಯದ ಅಸಮಾಧಾನ 1830–31ರ ‘ಕೂಟ’ಗಳಾಗಿ (ರೈತರ ಪ್ರತಿಭಟನಾ ಸಭೆಗಳಾಗಿ) ಸಿಡಿಯಿತು. ಚಾಲಗೇಣಿದಾರರು ಉಳುವ ನೆಲಕ್ಕೆ ಒಡೆಯರಾಗಲು 1974ರ ಭೂಸುಧಾರಣೆಯ ತನಕ ಕಾಯಬೇಕಾಯಿತು.